ಬಿಗ್ ಸರ್‌ನ ರೆಡ್‌ವುಡ್ ಕಣಿವೆಯಲ್ಲಿ ತಂಗುವ ಮುನ್ನ

ಕ್ಯಾಲಿಫೋರ್ನಿಯಾದ ಬಿಗ್ ಸರ್ ಕರಾವಳಿಗೆ ಹೊರಡುವವರು ಕೊಠಡಿಗಿಂತ ಮೊದಲು ರಸ್ತೆಯನ್ನು ವಿಚಾರಿಸಬೇಕು. ಸಾಂತಾ ಲೂಸಿಯಾ ಬೆಟ್ಟಗಳ ಅಂಚನ್ನು ಕಡಿದು ಮಾಡಿದ ಹೆದ್ದಾರಿ 1 ಇಲ್ಲಿ ಸಂಚಾರಕ್ಕೆ ತೆರೆದದ್ದು 1937ರಲ್ಲಿ. ಅಂದಿನಿಂದಲೂ ಚಳಿಗಾಲದ ಮಳೆಗೆ ಗುಡ್ಡ ಜರಿದು ದಾರಿ ಮುಚ್ಚುವುದು ನಡೆದೇ ಇದೆ. 2017ರ ಮಳೆಗೆ ಫೈಫರ್ ಕಣಿವೆಯ ಸೇತುವೆ ಬಿರುಕುಬಿಟ್ಟು, ಅದನ್ನು ಕೆಡವಿ ಹೊಸದು ಕಟ್ಟಬೇಕಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಮಡ್ ಕ್ರೀಕ್ ಬಳಿ ಬೆಟ್ಟದ ಮೈಯೇ ಸಮುದ್ರಕ್ಕೆ ಜಾರಿತು. ಅಲ್ಲಿ ವಾಹನ ಓಡಿದ್ದು ಮರುವರ್ಷ ಜುಲೈನಲ್ಲಿ. ಹೀಗಾಗಿ ರಾಜ್ಯ ಸಾರಿಗೆ ಇಲಾಖೆ ಕ್ಯಾಲ್‌ಟ್ರಾನ್ಸ್‌ನ ‘ಕ್ವಿಕ್‌ಮ್ಯಾಪ್’ ನೋಡಿ, ಯಾವ ಕಡೆಯಿಂದ ದಾರಿ ತೆರೆದಿದೆ ಎಂದು ಖಚಿತ ಮಾಡಿಕೊಂಡ ಮೇಲೆಯೇ ಮುಂದಿನ ಮಾತು.

ಈ ಕರಾವಳಿಯ ಹಳೆಯ ತಂಗುದಾಣ ಡೀಟ್‌ಜೆನ್ಸ್ ಬಿಗ್ ಸರ್ ಇನ್. ನಾರ್ವೆಯಿಂದ ವಲಸೆ ಬಂದ ಹೆಲ್ಮುತ್ ಡೀಟ್‌ಜೆನ್ ಮತ್ತು ಅವರ ಪತ್ನಿ ಹೆಲೆನ್ 1930ರ ದಶಕದಲ್ಲಿ ಕ್ಯಾಸ್ಟ್ರೋ ಕಣಿವೆಯ ರೆಡ್‌ವುಡ್ ಮರಗಳ ನಡುವೆ ಇದನ್ನು ಕಟ್ಟತೊಡಗಿದರು. ಗೋಡೆಗಳಿಗೆ ಬಳಸಿದ್ದೂ ರೆಡ್‌ವುಡ್ ಹಲಗೆಯನ್ನೇ. 1972ರಲ್ಲಿ ಹೆಲ್ಮುತ್ ತೀರಿಕೊಂಡ ಬಳಿಕ ಇದು ಲಾಭದ ಉದ್ದೇಶವಿಲ್ಲದ ಪ್ರತಿಷ್ಠಾನದ ಕೈಗೆ ಬಂತು. 1990ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೂ ಸೇರಿತು.

ಇಲ್ಲಿರುವುದು ಇಪ್ಪತ್ತರಷ್ಟು ಕೊಠಡಿಗಳು. ಒಂದೂ ಇನ್ನೊಂದರಂತಿಲ್ಲ. ಆದ್ದರಿಂದ ಕಾಯ್ದಿರಿಸುವಾಗ ಬಾಡಿಗೆಯ ಜೊತೆಗೆ ಮೂರು ಸಂಗತಿ ಕೇಳಬೇಕು: ಸ್ನಾನದ ಕೋಣೆ ಪ್ರತ್ಯೇಕವೋ ಹಂಚಿಕೊಳ್ಳುವುದೋ, ಬೆಚ್ಚಗಾಗಲು ಏನು ವ್ಯವಸ್ಥೆಯಿದೆ, ಮಕ್ಕಳನ್ನು ಕರೆತರಬಹುದೇ. ಒಂಟಿ ಹಲಗೆಯ ಗೋಡೆಯಾದ್ದರಿಂದ ಪಕ್ಕದ ಕೋಣೆಯ ಪಿಸುಮಾತೂ ಕೇಳಿಸುತ್ತದೆ; ಚಿಕ್ಕ ಮಕ್ಕಳ ವಿಷಯದಲ್ಲಿ ಆಡಳಿತದವರು ನಿಯಮ ಮಾಡಿರುವುದು ಅದಕ್ಕೇ. ಟಿವಿ ಇಲ್ಲ. ದಾರಿಯುದ್ದಕ್ಕೂ ಮೊಬೈಲ್ ಸಿಗ್ನಲ್ ಕೈಕೊಡುವುದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ಸೌಕರ್ಯಗಳ ಪಟ್ಟಿ ಹಿಡಿದು ಅಳೆಯುವವರಿಗೆ ಈ ಮನೆ ಒಗ್ಗದು. ತೊರೆಯ ಸದ್ದು ಹಾಸಿಗೆಯ ಬಳಿಗೇ ಬರಲಿ ಎನ್ನುವವರಿಗೆ ಆ ತೆಳುಗೋಡೆಯೇ ವರ.

ಬಟ್ಟೆಯ ವಿಷಯದಲ್ಲಿ ಎಚ್ಚರ ಬೇಕು. ಸ್ಯಾನ್ ಹೋಸೆ ಸುತ್ತಮುತ್ತ ನೆಲೆಸಿರುವ ಕನ್ನಡಿಗರ ಮನೆಗೆ ಊರಿನಿಂದ ಅಪ್ಪ ಅಮ್ಮ ಬರುವುದು ಸಾಮಾನ್ಯವಾಗಿ ಬೇಸಿಗೆಯಲ್ಲಿ. ಬೇಸಿಗೆಯೆಂದರೆ ಸೆಖೆ ಎಂದುಕೊಂಡು ಹತ್ತಿ ಬಟ್ಟೆಯಷ್ಟೇ ತಂದರೆ ಹಿರಿಯರು ಇಲ್ಲಿ ನಡುಗಬೇಕಾಗುತ್ತದೆ, ಜೂನ್–ಜುಲೈ ಇಲ್ಲಿ ಮಂಜಿನ ಕಾಲ. ಸ್ವೆಟರ್, ಕಾಲುಚೀಲ, ಕತ್ತಲಲ್ಲಿ ಅಂಗಳ ದಾಟಲು ಟಾರ್ಚು ಇರಲಿ. ನಿಚ್ಚಳ ಆಕಾಶ ಬೇಕೆಂದರೆ ಸೆಪ್ಟೆಂಬರ್–ಅಕ್ಟೋಬರ್ ವಾಸಿ.

ಆ ಮಂಜೇ ಈ ಕಾಡಿನ ಆಧಾರ. ರೆಡ್‌ವುಡ್ ಜಗತ್ತಿನ ಅತಿ ಎತ್ತರದ ಮರ. ಉತ್ತರ ಕ್ಯಾಲಿಫೋರ್ನಿಯಾದ ಒಂದು ಮರ 115 ಮೀಟರ್ ದಾಟಿದೆ. ಬಿಗ್ ಸರ್ ಈ ಜಾತಿಯ ನೆಲೆಯ ದಕ್ಷಿಣದ ತುದಿ. ಬೇಸಿಗೆಯಲ್ಲಿ ಮಳೆಯೇ ಇಲ್ಲದ ಈ ಸೀಮೆಯಲ್ಲಿ ಎಲೆಗೆ ತಾಕಿದ ಮಂಜು ಹನಿಯಾಗಿ ಬುಡಕ್ಕೆ ಬೀಳುತ್ತದೆ, ಎಲೆಗಳೂ ನೇರವಾಗಿ ಹೀರಿಕೊಳ್ಳುತ್ತವೆ. ಇಷ್ಟು ದೊಡ್ಡ ಮರಕ್ಕೆ ತಾಯಿಬೇರಿಲ್ಲ. ಬೇರುಗಳು ಮೇಲ್ಮಣ್ಣಿನಲ್ಲೇ ಸುತ್ತ ಹರಡಿಕೊಳ್ಳುತ್ತವೆ. ಫೋಟೊಗೆಂದು ಕಾಲುದಾರಿ ಬಿಟ್ಟು ಬುಡದ ಸುತ್ತ ನಡೆದರೆ ಮಣ್ಣು ಗಟ್ಟಿಯಾಗಿ ಆ ಬೇರುಗಳಿಗೆ ನೀರು ಇಳಿಯದು. ದಾರಿ ಬಿಡದಿರಲು ಇನ್ನೊಂದು ಕಾರಣ ಪಾಯ್ಸನ್ ಓಕ್. ಮೂರು ಮೂರು ಎಲೆಗಳ ಈ ಗಿಡ ತಾಗಿದರೆ ಮೈಯಲ್ಲಿ ತುರಿಕೆಯ ಗುಳ್ಳೆಗಳೇಳುತ್ತವೆ.

ಬೆಂಕಿಯ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. 2016ರ ಜುಲೈನಲ್ಲಿ ಗರಪಾಟಾ ಉದ್ಯಾನದಲ್ಲಿ ಯಾರೋ ಅಕ್ರಮವಾಗಿ ಹಾಕಿದ ಶಿಬಿರದ ಬೆಂಕಿ ಸೊಬೆರಾನಸ್ ಕಾಳ್ಗಿಚ್ಚಾಗಿ 1,32,000 ಎಕರೆಯನ್ನು ಸುಟ್ಟಿತು. ಅದು ಪೂರ್ತಿ ಹತೋಟಿಗೆ ಬರುವಾಗ ಅಕ್ಟೋಬರ್.

ಹೊರಡುವ ದಿನ ಕಾರ್ಮೆಲ್‌ನಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಬೇಕು. ಬಿಗ್ ಸರ್‌ನಲ್ಲಿ ಬಂಕುಗಳು ವಿರಳ, ದರ ವಿಪರೀತ. ಕಾರ್ಮೆಲ್‌ನಿಂದ ಇನ್‌ಗೆ ಸುಮಾರು 45 ಕಿ.ಮೀ. ಅಮೆರಿಕದಲ್ಲಿ ವಾಹನ ರಸ್ತೆಯ ಬಲಗಡೆ ಓಡುವುದರಿಂದ, ಉತ್ತರದಿಂದ ದಕ್ಷಿಣಕ್ಕೆ ಹೋದರೆ ಸಮುದ್ರ ಬಲಮಗ್ಗುಲಿಗೇ ಸಿಗುತ್ತದೆ. ನೋಟದ ತಾಣಗಳಿಗೆ ಎದುರು ಬರುವ ವಾಹನಗಳನ್ನು ದಾಟದೆ ಹೊರಳಬಹುದು. 1932ರ ಬಿಕ್ಸ್‌ಬಿ ಸೇತುವೆಯನ್ನೂ ಹೋಗುವಾಗಲೇ ನೋಡಿಬಿಡುವುದು ಲೇಸು. ಬೆಳಕಿರುವಾಗ ತಲುಪುವುದು ಕಡ್ಡಾಯವೆಂದೇ ಭಾವಿಸಬೇಕು, ತಿರುವುಗಳಲ್ಲಿ ದೀಪಗಳಿಲ್ಲ.

ಮರುದಿನ ಹೊತ್ತಿದ್ದರೆ ದಕ್ಷಿಣದ ಜೂಲಿಯಾ ಫೈಫರ್ ಬರ್ನ್ಸ್ ಉದ್ಯಾನಕ್ಕೆ ಹೋಗಬಹುದು. ಅಲ್ಲಿನ ಮೆಕ್‌ವೇ ಜಲಪಾತ 24 ಮೀಟರ್ ಎತ್ತರದಿಂದ ಮರಳಿನ ಮೇಲೆ ಧುಮುಕುತ್ತದೆ. 1983ರವರೆಗೆ ಅದು ನೇರ ಸಮುದ್ರಕ್ಕೇ ಬೀಳುತ್ತಿತ್ತು. ಆ ವರ್ಷ ಕುಸಿದ ಗುಡ್ಡದ ಮಣ್ಣೇ ಕೆಳಗೆ ದಂಡೆಯಾಯಿತು. ದಂಡೆಗೆ ಇಳಿಯುವುದು ನಿಷಿದ್ಧ, ಮೇಲಿನ ಕಾಲುದಾರಿಯಿಂದಷ್ಟೇ ನೋಟ. ಆ ದಾರಿಯೂ ದುರಸ್ತಿಗೆಂದು ಆಗಾಗ ಮುಚ್ಚುವುದರಿಂದ, ಬೆಳಗಿನ ತಿಂಡಿಯ ಹೊತ್ತಿಗೆ ಇನ್‌ನ ಸಿಬ್ಬಂದಿಯನ್ನು ಕೇಳಿ ಹೊರಡಬೇಕು.