ಶಾಲೂ ಬೇಡ, ಚೆಕ್ಕೂ ಬೇಡ

ಕಾಫಿ ತೋಟದ ರೈಟರ್ ಕೆಲಸ ನನ್ನದು. ಆಳುಗಳ ಹಾಜರಿ, ವಾರದ ಬಟವಾಡೆ, ಗೊಬ್ಬರದ ಲೆಕ್ಕ ಬರೆದೇ ಬದುಕಿದವನು. ಲೆಕ್ಕ ಬರೆಯಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ನಮ್ಮೂರಿನ ಎ.ಎ. ಗುಂಪು, ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್ ಗುಂಪು, ನನ್ನನ್ನು ಖಜಾಂಚಿ ಮಾಡಿತು. ನನ್ನ ಕುಡಿತ ನೋಡಿ ತೋಟದವರು ಬಟವಾಡೆಯ ಹಣ ನನ್ನ ಕೈಗೆ ಸಿಗದಂತೆ ನೋಡಿಕೊಳ್ಳುತ್ತಿದ್ದ ದಿನಗಳವು. ಮನೆಯಲ್ಲಿ ಹೆಂಡತಿಯೂ ದುಡ್ಡು ಬಚ್ಚಿಡುತ್ತಿದ್ದಳು. ಅಂಥವನ ಕೈಗೆ ಗುಂಪು ತನ್ನ ಹಣದ ಡಬ್ಬಿ ಕೊಟ್ಟಿತು. ಹಣ, ಮಾನ, ಹೊರಗಿನವರ ಕೈವಾಡ ಇವುಗಳ ಬಗ್ಗೆ ನಾನು ಕಲಿತದ್ದೆಲ್ಲ ಆ ಡಬ್ಬಿಯ ಪಕ್ಕದಲ್ಲಿ ಕೂತು ಕಲಿತದ್ದು. ಇಲ್ಲಿ ಬರೆಯುತ್ತಿರುವುದು ನನ್ನ ಅನುಭವ ಮಾತ್ರ. ಎ.ಎ. ಪರವಾಗಿ ಮಾತಾಡುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ, ನನಗೂ ಇಲ್ಲ.

ನಮ್ಮ ಮೀಟಿಂಗ್ ನಡೆಯುವುದು ಚರ್ಚಿನ ಶಾಲೆಯ ಒಂದು ಕೊಠಡಿಯಲ್ಲಿ. ಪುಕ್ಕಟೆ ಬಳಸಿಕೊಳ್ಳಿ ಎಂದು ಫಾದರ್ ಹೇಳಿದ್ದರು. ನಾವೇ ಒತ್ತಾಯ ಮಾಡಿ ಬಾಡಿಗೆ ಗೊತ್ತುಮಾಡಿಕೊಂಡೆವು. ಮೀಟಿಂಗ್ ಮುಗಿಯುವ ಹೊತ್ತಿಗೆ ಒಂದು ಬಟ್ಟೆ ಚೀಲ ಕೈಯಿಂದ ಕೈಗೆ ಸಾಗುತ್ತದೆ. ಚೀಲದೊಳಗೆ ಮುಷ್ಟಿ ಇಳಿಸಿ ಅಲ್ಲೇ ಬಿಚ್ಚಬೇಕು. ಹಾಕಿದ್ದು ಹತ್ತೋ ಐನೂರೋ ಪಕ್ಕದವನಿಗೂ ಗೊತ್ತಾಗುವುದಿಲ್ಲ. ಜೇಬಿನಲ್ಲಿ ಏನೂ ಇಲ್ಲದವನು ಖಾಲಿ ಮುಷ್ಟಿಯನ್ನೇ ಇಳಿಸಿ ತೆಗೆಯುತ್ತಾನೆ. ಹೊಸಬರಿಗೆ ಮೊದಲೇ ಹೇಳಿಬಿಡುತ್ತೇವೆ, ನೀವು ಇವತ್ತು ಏನೂ ಹಾಕಬೇಡಿ, ಸುಮ್ಮನೆ ಪಕ್ಕಕ್ಕೆ ಕೊಡಿ ಎಂದು. ಬಂದ ಹಣದಲ್ಲಿ ಬಾಡಿಗೆ, ಟೀ, ಬಿಸ್ಕತ್ತು, ಹೊಸಬರಿಗೆ ಕೊಡುವ ಕನ್ನಡದ ಕಿರುಪುಸ್ತಕ; ಉಳಿದದ್ದರಲ್ಲಿ ಒಂದಿಷ್ಟು ಮೇಲಿನ ಸೇವಾ ಕಚೇರಿಗೆ. ಅಷ್ಟೇ ನಮ್ಮ ಬಜೆಟ್ಟು.

ಗುಂಪಿಗೆ ದೊಡ್ಡ ತೋಟದ ಗೌಡರೊಬ್ಬರು ಬರುತ್ತಾರೆ. ಅವರ ತೋಟದಲ್ಲೇ ಮರಗಸಿ ಮಾಡುವ ಒಬ್ಬ ಆಳೂ ಬರುತ್ತಾನೆ. ಹೊರಗೆ ಅವನು ಗೌಡರ ಎದುರು ಕೂರುವವನಲ್ಲ, ಅಂಗಳದಲ್ಲಿ ನಿಂತೇ ಮಾತಾಡುವವನು. ಒಳಗೆ ಇಬ್ಬರಿಗೂ ಒಂದೇ ಬಗೆಯ ಪ್ಲಾಸ್ಟಿಕ್ ಕುರ್ಚಿ. ಒಮ್ಮೆ ಗೌಡರು ಇಡೀ ವರ್ಷದ ಬಾಡಿಗೆ ತಾವೇ ಕಟ್ಟಿಬಿಡುತ್ತೇನೆ ಎಂದರು. ಮನಸ್ಸಿಟ್ಟು ಹೇಳಿದ ಮಾತು ಅದು, ದೊಡ್ಡಸ್ತಿಕೆಯ ಲವಲೇಶವೂ ಇರಲಿಲ್ಲ. ನನಗೂ ಸರಿ ಅನ್ನಿಸಿತ್ತು, ತಿಂಗಳ ಕೊನೆಯಲ್ಲಿ ಡಬ್ಬಿಯ ತಳ ಕಾಣುತ್ತಿದ್ದವನು ನಾನೇ ತಾನೇ. ಆಗ ನಮ್ಮ ಹಿರಿಯ ಸದಸ್ಯರು, ನಿವೃತ್ತ ಮೇಷ್ಟ್ರು, ಮೆತ್ತಗೆ ಹೇಳಿದರು: "ಗೌಡ್ರೆ, ಬಾಡಿಗೆ ಪೂರ್ತಿ ನೀವು ಕೊಟ್ರೆ ಈ ಕೋಣೆ ನಿಮ್ದಾಗುತ್ತೆ. ನಿಮ್ಮ ಕೋಣೇಲಿ ಕೂತ್ಕೊಂಡು ನಿಮ್ಮ ಆಳು ಬಾಯಿ ಬಿಡ್ತಾನಾ?" ಗೌಡರು ಅವನ ಕಡೆ ನೋಡಿದರು. ಅವನು ತಲೆ ತಗ್ಗಿಸಿದ್ದ. ಅಲ್ಲಿಗೆ ಮಾತು ಮುಗಿಯಿತು. ಈಗಲೂ ಗೌಡರು ಎಲ್ಲರಂತೆ ಚೀಲಕ್ಕೆ ಕೈ ಹಾಕುತ್ತಾರೆ.

ಕುಡುಕನ ಬದುಕು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ವರ್ಷಗಟ್ಟಲೆ ನಾವು ತೆಗೆದುಕೊಂಡೇ ಬದುಕಿದವರು. ಭಾವಮೈದನಿಂದ ಸಾಲ, ಅಂಗಡಿಯಲ್ಲಿ ಕಡ, ಹೆಂಡತಿಯ ಕಿವಿಯೋಲೆ. ಅಂಥವನು ತನ್ನ ದುಡಿಮೆಯ ಹತ್ತು ರೂಪಾಯಿಯನ್ನು ಯಾರೂ ಕೇಳದೆ, ಯಾರಿಗೂ ಕಾಣದೆ ಕೊಟ್ಟಾಗ ಆ ಕೋಣೆಯಲ್ಲಿ ಅವನಿಗೂ ಒಂದು ಪಾಲು ಸಿಗುತ್ತದೆ. ಮುಂದಿನ ವಾರ ಅವನು ಬರುವುದು ತನ್ನ ಜಾಗಕ್ಕೆ.

ಆಮೇಲೆ ಬಂತು ದೊಡ್ಡ ಪ್ರಸ್ತಾಪ. ಊರಿನ ಮುಖಂಡರೊಬ್ಬರು ಜಾಗವೂ ಕೊಡಿಸುತ್ತೇನೆ, ಒಂದು ಹಾಲೂ ಕಟ್ಟಿಸುತ್ತೇನೆ ಎಂದರು. ಬದಲಿಗೆ ಅವರು ಕೇಳಿದ್ದು ಬಾಗಿಲ ಮೇಲೆ ತಮ್ಮ ತಂದೆಯ ಹೆಸರು ಮತ್ತು ಉದ್ಘಾಟನೆಯ ದಿನ ವೇದಿಕೆಯ ಮೇಲೆ ಕುಡಿತ ಬಿಟ್ಟ ಕೆಲವರ ಮಾತು. ಗುಂಪು ಎರಡು ಪಾಲಾಯಿತು. ಹೆಂಗಸರಿಗೆ ಬೇರೆ ಕೋಣೆ, ಶೌಚಾಲಯ, ಮಳೆಗಾಲದಲ್ಲಿ ಸೋರದ ಸೂರು ಎಂದು ಒಂದು ಕಡೆಯವರು ಎಣಿಸಿದರು. ಆ ಮಾತುಗಳಲ್ಲಿ ನಿಜವಿತ್ತು. ಆ ಸಂಜೆ ಮೇಷ್ಟ್ರು ಅಮೆರಿಕದ ಕಥೆ ಹೇಳಿದರು. ಆಮೇಲೆ ಪುಸ್ತಕಗಳಲ್ಲಿ ನಾನೂ ಅದನ್ನು ಓದಿದೆ.

ಎ.ಎ. ಹುಟ್ಟಿದ್ದು 1935ರಲ್ಲಿ, ಒಹಾಯೊದ ಆಕ್ರನ್ ಊರಿನಲ್ಲಿ. ಹುಟ್ಟುಹಾಕಿದ ಇಬ್ಬರಲ್ಲಿ ಬಿಲ್ ವಿಲ್ಸನ್ ನ್ಯೂಯಾರ್ಕಿನ ಷೇರುಪೇಟೆಯಲ್ಲಿ ದುಡಿದು ಕುಡಿದು ಮುಳುಗಿದವನು. ಬಾಬ್ ಸ್ಮಿತ್ ಶಸ್ತ್ರವೈದ್ಯ. ಇಬ್ಬರ ಕೈಯಲ್ಲೂ ಕಾಸಿಲ್ಲ. ಬಿಲ್ಲನ ಹೆಂಡತಿ ಲೋಯಿಸ್ ದೊಡ್ಡ ಅಂಗಡಿಯೊಂದರಲ್ಲಿ ದುಡಿದು ಸಂಸಾರ ನಡೆಸುತ್ತಿದ್ದಳು. ಡಾಕ್ಟರರ ಮನೆ ಅಡಮಾನದಲ್ಲಿತ್ತು. ಅಂಥ ಹೊತ್ತಿನಲ್ಲಿ ಜಗತ್ತಿನ ಅತಿ ಶ್ರೀಮಂತ ಮನೆತನದ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಅವರ ಬಳಗಕ್ಕೆ ಇವರ ಸುದ್ದಿ ತಲುಪಿತು. 1937ರ ಕೊನೆಯಲ್ಲಿ ಸಭೆಯೂ ನಡೆಯಿತು. ಆಸ್ಪತ್ರೆ ಕಟ್ಟಬಹುದು, ಸಂಬಳದ ಪ್ರಚಾರಕರನ್ನು ನೇಮಿಸಬಹುದು ಎಂದು ಬಿಲ್ ಕನಸು ಕಂಡಿದ್ದ. ಆಕ್ರನ್‌ಗೆ ಹೋಗಿ ನೋಡಿಬಂದ ಪ್ರತಿನಿಧಿ 50,000 ಡಾಲರ್ ಕೊಡಬಹುದು ಎಂದು ವರದಿ ಬರೆದ. ರಾಕ್‌ಫೆಲರ್ ಕೊಟ್ಟದ್ದು 5,000. ಅದನ್ನೂ ಒಂದು ಚರ್ಚಿನ ಖಾತೆಯಲ್ಲಿಟ್ಟು, ಡಾಕ್ಟರರ ಮನೆಸಾಲ ತೀರಿಸಲು, ಇಬ್ಬರ ಹೊಟ್ಟೆಪಾಡಿಗೆ ಸ್ವಲ್ಪಸ್ವಲ್ಪ ಎತ್ತಲು ವ್ಯವಸ್ಥೆ ಮಾಡಿದರು. ಹೆಚ್ಚು ಹಣ ಸುರಿದರೆ ಈ ಕೆಲಸವೇ ಕೆಡುತ್ತದೆ ಎಂಬುದು ಅವರ ಎಣಿಕೆ. 1939ರಲ್ಲಿ ಬ್ರೂಕ್ಲಿನ್‌ನ ಕ್ಲಿಂಟನ್ ಬೀದಿಯ ಮನೆಯೂ ಬಿಲ್ ದಂಪತಿಯ ಕೈಬಿಟ್ಟಿತು. ನೆಂಟರ, ಗೆಳೆಯರ ಮನೆಗಳಲ್ಲಿ ಕಾಲ ತಳ್ಳಿದರು.

1940ರ ಫೆಬ್ರುವರಿ 8ರಂದು ಅದೇ ರಾಕ್‌ಫೆಲರ್ ನ್ಯೂಯಾರ್ಕಿನ ಯೂನಿಯನ್ ಕ್ಲಬ್ಬಿನಲ್ಲಿ ಭಾರಿ ಧನಿಕರನ್ನು ಎ.ಎ.ಯವರ ಜೊತೆ ಊಟಕ್ಕೆ ಕರೆದರು. ಅವರಿಗೆ ಹುಷಾರಿಲ್ಲದ ಕಾರಣ ಮಗ ನೆಲ್ಸನ್ ಬಂದ. ಒಂದೊಂದು ಮೇಜಿಗೂ ಒಬ್ಬ ಎ.ಎ. ಸದಸ್ಯ, ಸುತ್ತ ಬ್ಯಾಂಕಿನ ದೊರೆಗಳು. ಇನ್ನೇನು ಕಷ್ಟ ಕಳೆಯಿತು ಎಂದು ಎಲ್ಲರೂ ಉಸಿರು ಬಿಗಿಹಿಡಿದಿದ್ದಾಗ ನೆಲ್ಸನ್ ಎದ್ದುನಿಂತು, ಇದು ಒಬ್ಬರಿಂದೊಬ್ಬರಿಗೆ ಒಳ್ಳೆಯ ಮನಸ್ಸಿನಿಂದ ಸಾಗುವ ಕೆಲಸ, ಇದಕ್ಕೆ ಹಣ ಬೇಕಿಲ್ಲ ಎಂಬರ್ಥದ ಮಾತಾಡಿದ. ಧನಿಕರು ಚಪ್ಪಾಳೆ ತಟ್ಟಿ ಮನೆಗೆ ಹೋದರು. ಆಮೇಲೆ ರಾಕ್‌ಫೆಲರ್ 1,000 ಡಾಲರ್ ಕೊಟ್ಟರು, ಎ.ಎ. ತನ್ನ ದಾರಿ ವಿವರಿಸಿ ಹೊರತಂದಿದ್ದ ಪುಸ್ತಕದ 400 ಪ್ರತಿ ಕೊಂಡು ಹಂಚಿಸಿದರು. ಊಟಕ್ಕೆ ಬಂದಿದ್ದವರಲ್ಲಿ ಕೆಲವರು ಕೊಡುತ್ತಿದ್ದ ಸಣ್ಣ ಮೊತ್ತವನ್ನು ಎ.ಎ. ಕೆಲವು ವರ್ಷ ತೆಗೆದುಕೊಂಡಿತು. ಬಳಿಕ ಇನ್ನು ಬೇಡ ಎಂದಿತು. ಹೊರಗಿನವರ ದೇಣಿಗೆ ಮುಟ್ಟಬಾರದು ಎಂಬುದು ಎ.ಎ. ಗುಂಪುಗಳು ಪಾಲಿಸುವ ಹನ್ನೆರಡು ಸಂಪ್ರದಾಯಗಳಲ್ಲಿ ಏಳನೆಯದಾಗಿ 1946ರಲ್ಲಿ ಅಚ್ಚಾಯಿತು. 1950ರ ಕ್ಲೀವ್‌ಲ್ಯಾಂಡ್ ಸಮ್ಮೇಳನ ಅದನ್ನು ಒಪ್ಪಿಕೊಂಡಿತು.

ಮೇಷ್ಟ್ರು ಇಷ್ಟು ಹೇಳಿ ಸುಮ್ಮನಾದರು. ಮುಖಂಡರಿಗೆ ಕೃತಜ್ಞತೆ ಹೇಳಿ ಬೇಡ ಎಂದು ತಿಳಿಸಿ ಬರುವ ಕೆಲಸ ನನಗೇ ಬಿತ್ತು. ಅವರಿಗೆ ಬೇಸರವಾಯಿತು. ಬೇಡ ಎನ್ನುವವರು ಅವರಿಗೆ ಹೆಚ್ಚಾಗಿ ಸಿಕ್ಕಿರಲಿಕ್ಕಿಲ್ಲ. ಮುಂದಿನ ಚುನಾವಣೆಯಲ್ಲಿ ಅವರ ಎದುರು ಪಕ್ಷದ ಕಾರ್ಯಕರ್ತನೊಬ್ಬ ಕುಡಿದು ಕುಡಿದು ಸೋತು ನಮ್ಮಲ್ಲಿಗೆ ಬಂದ. ಬಾಗಿಲ ಮೇಲೆ ಆ ಹೆಸರಿದ್ದಿದ್ದರೆ ಅವನು ಒಳಗೆ ಕಾಲಿಡುತ್ತಿರಲಿಲ್ಲ. ನಮ್ಮಂಥ ಊರಲ್ಲಿ ಜಾತಿ, ಪಕ್ಷ, ಮಠ ಎಲ್ಲವೂ ಗೋಡೆಯ ಮೇಲಿನ ಹೆಸರಿನಿಂದಲೇ ಗೊತ್ತಾಗುತ್ತವೆ.

ಇನ್ನೊಂದು ಬಗೆಯ ಹಣ ಇದಕ್ಕಿಂತ ಸೂಕ್ಷ್ಮ. ಖಾಸಗಿ ವ್ಯಸನಮುಕ್ತಿ ಕೇಂದ್ರವೊಂದರವರು ಬಂದು, ನಿಮ್ಮಲ್ಲಿಗೆ ಬರುವ ಹೊಸಬರನ್ನು ನಮ್ಮಲ್ಲಿಗೆ ಕಳಿಸಿ, ತಲೆಗಿಷ್ಟು ಎಂದು ಗುಂಪಿಗೆ ಕೊಡುತ್ತೇವೆ ಎಂದರು. ಆಸ್ಪತ್ರೆ ಬೇಡ ಎನ್ನುವವನು ನಾನಲ್ಲ. ಬಹಳ ಕಾಲ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹತ್ತಬಹುದು, ಜೀವಕ್ಕೇ ಕುತ್ತಾಗಬಹುದು. ನನ್ನ ಕೈನಡುಕ ನಿಂತದ್ದೂ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ. ನಮ್ಮಲ್ಲಿ ಕೆಲವರಿಗೆ ನಿಮ್ಹಾನ್ಸ್‌ನ ವೈದ್ಯರು ಹೊಸ ಜನ್ಮ ಕೊಟ್ಟಿದ್ದಾರೆ. ಆದರೆ ತಲೆಗಿಷ್ಟು ಎಂದು ಗೊತ್ತಾದ ದಿನದಿಂದ, ಬಾಗಿಲಲ್ಲಿ ನಡುಗುತ್ತಾ ನಿಂತವನನ್ನು ನಾವು ನೋಡುವ ಕಣ್ಣೇ ಬದಲಾಗುತ್ತದೆ. ಅವನಿಗೆ ಆಸ್ಪತ್ರೆ ಬೇಕೋ ಬೇಡವೋ ಎಂದು ಹೇಳುವಾಗ ನಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲ. ಬಿಲ್ಲನಿಗೂ ಇದೇ ಪರೀಕ್ಷೆ ಬಂದಿತ್ತು. ಅವನಿಗೆ ಚಿಕಿತ್ಸೆ ಕೊಟ್ಟ ಟೌನ್ಸ್ ಆಸ್ಪತ್ರೆಯ ಮಾಲೀಕ, ಇಲ್ಲೇ ಸಂಬಳಕ್ಕೆ ಬಾ, ಲಾಭದಲ್ಲೂ ಪಾಲು ಕೊಡುತ್ತೇನೆ ಎಂದ. ಬಿಲ್ ಹಿಗ್ಗಿ ಮನೆಗೆ ಬಂದು ಗುಂಪಿಗೆ ಹೇಳಿದ. ಹೆಂಡತಿಯ ದುಡಿಮೆಯಲ್ಲಿ ಉಣ್ಣುತ್ತಿದ್ದ ಅವನಿಗೆ ಗುಂಪಿನವರು ಮುಖಕ್ಕೇ ಬೇಡ ಎಂದರು. ಅವನು ಆ ಮಾತಿಗೆ ಕಿವಿಗೊಟ್ಟ. ಬಿಲ್ಲನ ದೊಡ್ಡತನ ನನಗೆ ಹೆಚ್ಚಾಗಿ ಕಾಣುವುದು ಇಲ್ಲಿ.

ವಾರ್ಷಿಕ ದಿನದ ಊಟದ ಖರ್ಚು ಕೊಡುತ್ತೇನೆಂದು ಬಾರ್ ಮಾಲೀಕರೊಬ್ಬರು ಹೇಳಿಕಳಿಸಿದ್ದೂ ಉಂಟು. ಅದಕ್ಕೆ ಹೆಚ್ಚು ಚರ್ಚೆ ಬೇಕಾಗಲಿಲ್ಲ.

ಹಣಕ್ಕಾದರೆ ಲೆಕ್ಕವಿದೆ, ಬಂದದ್ದನ್ನು ವಾಪಸ್ ಕೊಡಬಹುದು. ನನ್ನನ್ನು ನಿಜವಾಗಿ ಹೆದರಿಸುವುದು ಸನ್ಮಾನ. ನಮ್ಮ ನಾಡಿನಲ್ಲಿ ಯಾರು ಏನು ಒಳ್ಳೆಯದು ಮಾಡಿದರೂ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಡದೆ ನಮಗೆ ಸಮಾಧಾನವಿಲ್ಲ. ನನ್ನ ಗೆಳೆಯನೊಬ್ಬ, ಬಸ್ಸಿನ ಚಾಲಕ, ಕುಡಿತ ಬಿಟ್ಟು ಕೆಲವು ವರ್ಷವಾಗಿತ್ತು. ರಾಜ್ಯೋತ್ಸವದ ವೇದಿಕೆಗೆ ಅವನನ್ನು ಕರೆದರು. ವ್ಯಸನ ಗೆದ್ದ ಸಾಧಕ ಎಂದು ಬಸ್‌ಸ್ಟ್ಯಾಂಡಿನ ಎದುರು ಅವನ ಫೋಟೋದ ಫ್ಲೆಕ್ಸ್ ಬಿತ್ತು. ಆಮೇಲೆ ಶಾಲೆಗಳಿಗೆ, ಸಂಘಗಳಿಗೆ ಭಾಷಣಕ್ಕೆ ಹೋದ. ಚೆನ್ನಾಗಿಯೇ ಮಾತಾಡುತ್ತಿದ್ದ, ಕೇಳಿದವರು ಕಣ್ಣೀರು ಹಾಕುತ್ತಿದ್ದರು. ಮೀಟಿಂಗಿಗೆ ಬರುವುದು ಕಡಿಮೆಯಾಯಿತು. ಬಂದಾಗಲೂ ತನ್ನ ಕಷ್ಟ ಹೇಳಿಕೊಳ್ಳುವುದು ಬಿಟ್ಟು ನಮಗೆ ಬುದ್ಧಿ ಹೇಳುತ್ತಿದ್ದ. ಮಗಳ ಮದುವೆಯ ಗಲಾಟೆಯಲ್ಲಿ ಒಂದು ರಾತ್ರಿ ಕುಡಿದ.

ನಮ್ಮಲ್ಲಿ ಮತ್ತೆ ಕುಡಿದು ವಾಪಸ್ ಬಂದವರು ಬೇಕಾದಷ್ಟು ಜನರಿದ್ದಾರೆ. ಬಂದವನಿಗೆ ಟೀ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇವೆ, ಪ್ರಶ್ನೆ ಕೇಳುವುದಿಲ್ಲ. ಇವನಿಗೆ ಬರಲಾಗಲಿಲ್ಲ. ಊರೆಲ್ಲ ಗೆದ್ದವನೆಂದು ನೋಡಿದ ಮುಖ ಅವನದು. "ಆ ಫ್ಲೆಕ್ಸ್ ನೋಡಿದೋರ ಎದುರು ಹೆಂಗೆ ಬರ್ಲಿ ರೈಟ್ರೇ?" ಎಂದು ಫೋನಿನಲ್ಲಿ ಕೇಳಿದ. ಇನ್ನೊಂದು ಕಡೆ, ಅವನ ಭಾಷಣ ಕೇಳಿ ನಮ್ಮಲ್ಲಿಗೆ ಬಂದಿದ್ದ ಇಬ್ಬರು, ಅವನೇ ಕುಡಿದ ಮೇಲೆ ಇದರಲ್ಲಿ ಏನಿದೆ ಎಂದು ಬಿಟ್ಟುಹೋದರು. ಒಂದು ಫ್ಲೆಕ್ಸು ಮೂವರ ದಾರಿ ಮುಚ್ಚಿತು. ಕಟ್ಟಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಅದೂ ನನಗೆ ಗೊತ್ತು.

ಎ.ಎ.ಗಿಂತ ಸುಮಾರು ನೂರು ವರ್ಷ ಹಿಂದೆ, 1840ರಲ್ಲಿ, ಬಾಲ್ಟಿಮೋರಿನ ಹೆಂಡದಂಗಡಿಯೊಂದರಲ್ಲಿ ಆರು ಮಂದಿ ಕುಡುಕರು ಸೇರಿ ವಾಷಿಂಗ್ಟೋನಿಯನ್ ಚಳವಳಿ ಶುರುಮಾಡಿದ್ದರು. ಕುಡುಕನೇ ಕುಡುಕನಿಗೆ ನೆರವಾಗುವ ಅದೇ ದಾರಿ. ಲಕ್ಷಾಂತರ ಜನ ಸೇರಿದರು. 1842ರಲ್ಲಿ ಅವರ ಸಭೆಯೊಂದರಲ್ಲಿ ಅಬ್ರಹಾಂ ಲಿಂಕನ್ ಭಾಷಣ ಮಾಡಿದ. ಮೆರವಣಿಗೆ, ವೇದಿಕೆ, ರಾಜಕೀಯ, ಪಾನನಿಷೇಧದ ವಾದ ಎಲ್ಲವೂ ಒಳಗೆ ಬಂದವು, ಕೆಲವೇ ವರ್ಷಗಳಲ್ಲಿ ಚಳವಳಿ ಚದುರಿತು. ಅವರ ತಾರಾ ಭಾಷಣಕಾರ ಜಾನ್ ಗಫ್ 1845ರಲ್ಲಿ ನ್ಯೂಯಾರ್ಕಿನಲ್ಲಿ ಕಾಣೆಯಾಗಿ ಕುಡಿದ ಸ್ಥಿತಿಯಲ್ಲಿ ಸಿಕ್ಕಾಗ ಪತ್ರಿಕೆಗಳಿಗೆಲ್ಲ ಹಬ್ಬ. ನನ್ನ ಗೆಳೆಯನ ಕಥೆ ಅಷ್ಟು ಹಳೆಯದು. 1954ರಲ್ಲಿ ಯೇಲ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡುತ್ತೇನೆಂದಾಗ ಬಿಲ್ ಬೇಡ ಎಂದದ್ದು ಇಂಥದ್ದನ್ನೆಲ್ಲ ಬಲ್ಲ ಕಾರಣಕ್ಕೆ. ಈ ಲೇಖನದ ಕೆಳಗೆ ನನ್ನ ಹೆಸರು ಇಲ್ಲದಿರುವುದೂ ಅದಕ್ಕೇ.

ನಮ್ಮ ದಾರಿಯೊಂದೇ ಸರಿ ಎಂದು ನಾನು ವಾದಿಸುವುದಿಲ್ಲ. ಧರ್ಮಸ್ಥಳದ ಯೋಜನೆಯವರು, ಜನಜಾಗೃತಿ ವೇದಿಕೆಯವರು ಹಳ್ಳಿಹಳ್ಳಿಯಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಊರವರು ಅಕ್ಕಿ ಬೇಳೆ ಕೊಡುತ್ತಾರೆ, ಗಣ್ಯರು ಬರುತ್ತಾರೆ, ಸಮಾರೋಪದಲ್ಲಿ ಹೆಂಡತಿ ಮಕ್ಕಳು ಎದುರು ಕೂತಿರುತ್ತಾರೆ. ಅಲ್ಲಿ ಬಿಟ್ಟು, ಮುಂದೆ ನಮ್ಮ ಗುಂಪಿಗೂ ಬರುತ್ತಿರುವವರು ನಮ್ಮಲ್ಲೇ ಇದ್ದಾರೆ. ಊರೇ ಕೈಹಿಡಿದು ಎತ್ತುವ ಕೆಲಸ ಅದು, ಅದಕ್ಕೆ ಊರಿನ ಹಣ, ಊರಿನ ಸಾಕ್ಷಿ ಬೇಕು. ಎ.ಎ. ಪೂರ್ತಿ ಶುದ್ಧ ಎಂದೂ ಹೇಳಲಾರೆ. ಸದಸ್ಯರ ಕಾಣಿಕೆ ಸಾಲದೆ ಅಮೆರಿಕದ ಕಚೇರಿ ಬಹುಕಾಲ ಪುಸ್ತಕ ಮಾರಿದ ಲಾಭವನ್ನು ನೆಚ್ಚಿಕೊಂಡಿತ್ತು. ರಾಕ್‌ಫೆಲರ್ ಕೊಂಡು ಹಂಚಿಸಿದ್ದ ಆ ಪುಸ್ತಕದ ತಿದ್ದಿದ ಟೈಪ್ ಪ್ರತಿ ಯಾರದೆಂದು ಕೋರ್ಟಿಗೂ ಹೋಯಿತು. ಕೊನೆಗೆ 2018ರ ಹರಾಜಿನಲ್ಲಿ ಅದು ಇಪ್ಪತ್ತು ಲಕ್ಷ ಡಾಲರಿಗೂ ಮೇಲೆ ಮಾರಾಟವಾಯಿತು. ಮನೆ ಕಳೆದುಕೊಂಡ ಬಿಲ್ಲನಿಗೆ ಈ ಸುದ್ದಿ ಹೇಗೆ ಕೇಳಿಸುತ್ತಿತ್ತೋ ಎಂದು ನಾನು ಆಗಾಗ ಯೋಚಿಸುತ್ತೇನೆ.

ನಮ್ಮ ಗುಂಪು ಈಗ ಕೆಲವು ಮಾತುಗಳನ್ನು ಗೊತ್ತುಮಾಡಿಕೊಂಡಿದೆ. ಶಾಲೆ, ಪೊಲೀಸ್ ಠಾಣೆ, ಆಸ್ಪತ್ರೆ ಎಲ್ಲಿಂದ ಕರೆ ಬಂದರೂ ಹೋಗುತ್ತೇವೆ. ಒಬ್ಬರೇ ಹೋಗುವುದಿಲ್ಲ, ಇಬ್ಬರು ಹೋಗುತ್ತೇವೆ, ಪ್ರತಿ ಸಲ ಬೇರೆಬೇರೆಯವರು. ಫೋಟೋ ಬೇಡ, ಹೆಸರು ಬೇಡ, ಶಾಲು ಬೇಡ ಎಂದು ಫೋನಿನಲ್ಲೇ ಹೇಳಿಬಿಡುತ್ತೇವೆ. ಬಸ್ ಚಾರ್ಜು ಡಬ್ಬಿಯಿಂದ. ಕೊಠಡಿಯ ಬಾಡಿಗೆ ಈ ಜೂನ್‌ನಿಂದ ಏರಿದೆ, ಅದಕ್ಕೆ ಬಿಸ್ಕತ್ತು ನಿಲ್ಲಿಸಿದ್ದೇವೆ. ಗೆಳೆಯ ಪಕ್ಕದ ಜಿಲ್ಲೆಯ ಗುಂಪಿಗೆ ಹೋಗುತ್ತಿದ್ದಾನೆ. ಅಲ್ಲಿ ಅವನ ಫ್ಲೆಕ್ಸ್ ಯಾರೂ ನೋಡಿಲ್ಲ.