ನೆಲದಡಿ ಹರಿಯುವ ಟ್ರಿಟಿಯಂ

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಬ್ರೇಡ್‌ವುಡ್ ಎಂಬ ಅಣುವಿದ್ಯುತ್ ಸ್ಥಾವರವಿದೆ. ಅಲ್ಲಿಂದ ಕಾಂಕಕೀ ನದಿಯವರೆಗೆ ಹಲವು ಕಿಲೋಮೀಟರ್ ಉದ್ದದ ಪೈಪನ್ನು ನೆಲದಲ್ಲಿ ಹೂತಿದ್ದಾರೆ. ಸ್ಥಾವರದ ವಿಕಿರಣಶೀಲ ನೀರನ್ನು, ಕಾನೂನು ಒಪ್ಪಿದ ಪ್ರಮಾಣದಲ್ಲಿ, ಬೇರೆ ನೀರಿಗೆ ಬೆರೆಸಿ ನದಿಗೆ ಬಿಡುವ ದಾರಿ ಅದು. ನಮ್ಮೂರ ಕುಡಿಯುವ ನೀರಿನ ಪೈಪ್‌ಲೈನಿಗೆ ಅಲ್ಲಲ್ಲಿ ಗಾಳಿ ವಾಲ್ವ್ ಕೂರಿಸಿರುತ್ತಾರಲ್ಲ, ಕೆಟ್ಟರೆ ರಸ್ತೆಬದಿಯಲ್ಲಿ ದಿನಗಟ್ಟಲೆ ನೀರು ಚಿಮ್ಮುತ್ತಿರುತ್ತದೆ. ಹೆಚ್ಚುಕಡಿಮೆ ಅಂಥವೇ ವಾಲ್ವುಗಳು ಆ ಪೈಪಿನಲ್ಲೂ ಇದ್ದವು. 1998ರಲ್ಲಿ ಒಂದು ಕೆಟ್ಟಿತು, 2000ದಲ್ಲಿ ಇನ್ನೊಂದು. ಪ್ರತಿ ಸಲವೂ ಸುಮಾರು 1.1 ಕೋಟಿ ಲೀಟರ್ ನೀರು ಹೊರಚೆಲ್ಲಿತು. ಅದರಲ್ಲಿದ್ದ ಟ್ರಿಟಿಯಂ ಅಂತರ್ಜಲಕ್ಕೆ ಸೇರಿದೆ ಎಂದು ಅಕ್ಕಪಕ್ಕದ ಮನೆಯವರಿಗೆ ತಿಳಿದದ್ದು 2005ರ ಡಿಸೆಂಬರಿನಲ್ಲಿ.

ಈ ವಿಷಯಕ್ಕೆ ಹೊಸಬರಾದವರು ಮೊದಲು ಟ್ರಿಟಿಯಂ ಯಾವುದೆಂದು ತಿಳಿಯಬೇಕು. ಸಾಮಾನ್ಯ ಜಲಜನಕದ ಪರಮಾಣು ಬೀಜದಲ್ಲಿ ಇರುವುದು ಒಂದೇ ಪ್ರೋಟಾನ್. ಅದಕ್ಕೆ ಎರಡು ನ್ಯೂಟ್ರಾನ್ ಸೇರಿದರೆ ಟ್ರಿಟಿಯಂ. ರಿಯಾಕ್ಟರ್ ನೀರಿನಲ್ಲಿ ಬೆರೆಸಿದ ಬೋರಾನ್‌ಗೆ ನ್ಯೂಟ್ರಾನ್ ಬಡಿದಾಗ ಅದು ಹುಟ್ಟುತ್ತದೆ. ಭಾರಜಲ ಬಳಸುವ ರಿಯಾಕ್ಟರ್‌ಗಳಲ್ಲಿ ಇನ್ನೂ ಹೆಚ್ಚು ಹುಟ್ಟುತ್ತದೆ. ನಮ್ಮ ಕೈಗಾದಲ್ಲಿರುವುದು ಅಂಥ ನಾಲ್ಕು ರಿಯಾಕ್ಟರ್‌ಗಳು. ರಾಸಾಯನಿಕವಾಗಿ ಜಲಜನಕವೇ ಆದ್ದರಿಂದ ಟ್ರಿಟಿಯಂ ಆಮ್ಲಜನಕದೊಡನೆ ಕೂಡಿ ನೀರೇ ಆಗಿಬಿಡುತ್ತದೆ. ತೊಡಕಿರುವುದು ಇಲ್ಲೇ. ಅದು ನೀರಿನಲ್ಲಿ ಕರಗಿದ ಕಲ್ಮಶವಾಗಿದ್ದರೆ ಸೋಸಬಹುದಿತ್ತು. ನೀರೇ ಆಗಿರುವಾಗ ಕುದಿಸಿದರೂ ಹೋಗದು, ಮನೆಯ ಆರ್‌ಒ ಫಿಲ್ಟರ್‌ಗೂ ಸಿಗದು. ಮಣ್ಣೂ ಅದನ್ನು ಹಿಡಿಯದು.

ಬೇರೆ ವಿಕಿರಣಶೀಲ ವಸ್ತುಗಳು ಹೀಗಲ್ಲ. ಸೀಸಿಯಂ-137 ಜೇಡಿಮಣ್ಣಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸ್ಟ್ರಾನ್ಷಿಯಂ-90 ಕೂಡ ಮಣ್ಣಿನಲ್ಲಿ ತಡೆತಡೆದು ಸಾಗುತ್ತದೆ. ಸೋರಿಕೆ ಆದಲ್ಲಿ ದೂರದ ಬಾವಿಗೆ ಮೊದಲು ಬಂದು ಮುಟ್ಟುವುದು ಟ್ರಿಟಿಯಂ. ಹಾಗಾಗಿ ಸ್ಥಾವರದ ಸುತ್ತ ಪರೀಕ್ಷೆಗೆಂದೇ ಕೊರೆದ ಬಾವಿಗಳಲ್ಲಿ ಮೊದಲು ಹುಡುಕುವುದೂ ಅದನ್ನೇ.

ಇಷ್ಟು ಓದಿ ಗಾಬರಿಯಾಗಬೇಡಿ, ಅಳತೆಯ ಮಾತು ಇನ್ನೂ ಬಾಕಿಯಿದೆ. ಟ್ರಿಟಿಯಂ ಹೊರಸೂಸುವ ಬೀಟಾ ಕಣ ಬಹಳ ದುರ್ಬಲ, ಚರ್ಮವನ್ನೂ ದಾಟದು. ಕುಡಿದಾಗ, ಉಸಿರಾಡಿದಾಗ, ಚರ್ಮದ ಮೂಲಕ ಹೀರಿಕೊಂಡಾಗ ಮಾತ್ರ ಒಳಗಿನಿಂದ ತೊಂದರೆ. ದೇಹಕ್ಕೆ ಸೇರಿದ್ದರಲ್ಲಿ ಅರ್ಧದಷ್ಟು ಸುಮಾರು ಹತ್ತು ದಿನದಲ್ಲಿ ಮೂತ್ರ, ಬೆವರಿನಲ್ಲಿ ಹೊರಬೀಳುತ್ತದೆ. 2009ರ ನವೆಂಬರಿನಲ್ಲಿ ಕೈಗಾ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಇದ್ದ ಭಾರಜಲ ಬೆರೆತು, 50ಕ್ಕೂ ಹೆಚ್ಚು ಸಿಬ್ಬಂದಿಯ ಮೂತ್ರದಲ್ಲಿ ಅದು ಕಂಡುಬಂದದ್ದು ಕೆಲವರಿಗೆ ನೆನಪಿರಬಹುದು. (ಅದು ಅಂತರ್ಜಲದ ಪ್ರಕರಣವಲ್ಲ, ಯಾರೋ ಬೇಕೆಂದೇ ಬೆರೆಸಿದ್ದೆಂದು ಆಗ ಅಧಿಕಾರಿಗಳು ಹೇಳಿದರು.) ಸ್ಟ್ರಾನ್ಷಿಯಂ ಟ್ರಿಟಿಯಂನಂತೆ ದೇಹವನ್ನು ಬಿಟ್ಟುಹೋಗುವುದಿಲ್ಲ. ಕ್ಯಾಲ್ಸಿಯಂನ ಗುಣವಿರುವುದರಿಂದ ಮೂಳೆಯಲ್ಲಿ ಕೂತುಬಿಡುತ್ತದೆ. ಸುದ್ದಿಯಲ್ಲಿ ‘ವಿಕಿರಣ ಸೋರಿಕೆ’ ಎಂದಷ್ಟೇ ಬರೆದರೆ ಅರ್ಧ ವಿಷಯವನ್ನೂ ಹೇಳಿದಂತಾಗದು.

ಕುಡಿಯುವ ನೀರಿನಲ್ಲಿ ಲೀಟರಿಗೆ 740 ಬೆಕ್ವೆರೆಲ್ (ವಿಕಿರಣಶೀಲತೆಯ ಅಳತೆ) ಟ್ರಿಟಿಯಂವರೆಗೆ ಅಮೆರಿಕ ಒಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಟ್ಟ 10,000. ಒಂದೇ ವಸ್ತುವಿಗೆ ಇಷ್ಟು ಅಂತರವೇಕೆ? ವರ್ಷಕ್ಕೆ ಎಷ್ಟು ವಿಕಿರಣ ಸಹ್ಯ ಎಂಬ ಆಯ್ಕೆಯೂ ಅದನ್ನು ಲೆಕ್ಕಹಾಕುವ ಕ್ರಮವೂ ಎರಡು ಕಡೆ ಬೇರೆ ಬೇರೆ. ಬ್ರೇಡ್‌ವುಡ್ ಬಳಿಯ ಖಾಸಗಿ ಬಾವಿಯೊಂದರಲ್ಲಿ ಟ್ರಿಟಿಯಂ ಸಿಕ್ಕಿತಾದರೂ ಅದು ಅಮೆರಿಕದ ಮಿತಿಗಿಂತ ಬಹಳ ಕೆಳಗಿತ್ತು.

ಕಾಲದ ಲೆಕ್ಕವನ್ನೂ ನೋಡಿ. ಟ್ರಿಟಿಯಂನ ಅರ್ಧಾಯು 12.3 ವರ್ಷ. ಅಂತರ್ಜಲ ವರ್ಷಕ್ಕೆ 30 ಮೀಟರ್ ಸರಿಯುತ್ತದೆ ಎಂದಿಟ್ಟುಕೊಂಡರೆ 370 ಮೀಟರ್ ಆಚೆಯ ಬಾವಿ ತಲುಪುವಷ್ಟರಲ್ಲಿ ಅದು ಅರ್ಧಕ್ಕೆ ಇಳಿದಿರುತ್ತದೆ. ಆದರೆ ತಲುಪಲು ಅಷ್ಟು ವರ್ಷ ಹಿಡಿಯುವುದರಿಂದ, ಇವತ್ತು ಬಾವಿ ಶುದ್ಧವಿದೆ ಎಂದರೆ ಹತ್ತು ವರ್ಷದ ನಂತರವೂ ಶುದ್ಧವಿರುತ್ತದೆ ಎಂದಲ್ಲ.

ನನ್ನ ತಕರಾರು ಇರುವುದು ಟ್ರಿಟಿಯಂಗಿಂತ ಹೆಚ್ಚಾಗಿ ಅದನ್ನು ಕಾಯುವವರ ಮೇಲೆ. ಅಮೆರಿಕದ ವರ್ಮಾಂಟ್ ರಾಜ್ಯದ ವರ್ಮಾಂಟ್ ಯಾಂಕೀ ಸ್ಥಾವರದ ಅಧಿಕಾರಿಗಳು, ವಿಕಿರಣಶೀಲ ದ್ರವ ಹರಿಯುವ ಪೈಪುಗಳು ತಮ್ಮಲ್ಲಿ ನೆಲದಡಿ ಇಲ್ಲ ಎಂದು ಅಲ್ಲಿನ ರಾಜ್ಯ ಸರ್ಕಾರಕ್ಕೆ ಹೇಳಿದ್ದರು. 2010ರ ಜನವರಿಯಲ್ಲಿ ಪರೀಕ್ಷಾ ಬಾವಿಯಲ್ಲಿ ಟ್ರಿಟಿಯಂ ಕಂಡ ಸುದ್ದಿ ಹೊರಬಿತ್ತು. ಹುಡುಕಿದರೆ ಅಂಥ ಪೈಪುಗಳು ಇದ್ದವು, ಸೋರುತ್ತಲೂ ಇದ್ದವು. ಫೆಬ್ರವರಿಯಲ್ಲಿ ವರ್ಮಾಂಟ್ ಸೆನೆಟ್ ಸ್ಥಾವರದ ಅವಧಿ ವಿಸ್ತರಣೆಯನ್ನು 26-4 ಮತಗಳಿಂದ ತಿರಸ್ಕರಿಸಿತು. ಕೊನೆಗೆ 2014ರಲ್ಲಿ ಅದು ಮುಚ್ಚಿದ್ದು ಆರ್ಥಿಕ ಕಾರಣದಿಂದ, ಅದು ಬೇರೆ ಮಾತು.

ಮಿನೆಸೋಟಾದ ಮಾಂಟಿಸೆಲ್ಲೋ ಸ್ಥಾವರದಲ್ಲಿ 2022ರ ನವೆಂಬರಿನಲ್ಲಿ ಸುಮಾರು 15 ಲಕ್ಷ ಲೀಟರ್ ಟ್ರಿಟಿಯಂ ನೀರು ಸೋರಿತು. ಕಂಪನಿ ಸರ್ಕಾರಕ್ಕೆ ಕೂಡಲೇ ತಿಳಿಸಿತು. ಊರವರಿಗೆ ಗೊತ್ತಾದದ್ದು 2023ರ ಮಾರ್ಚಿನಲ್ಲಿ. ಕುಡಿಯುವ ನೀರಿಗೆ ಅಪಾಯವಿಲ್ಲ ಎಂದು ಅಧಿಕಾರಿಗಳು ಹೇಳಿದ್ದು ಸರಿಯೇ ಇರಬಹುದು. ಆದರೆ ಸುತ್ತಲಿನ ಬಾವಿಗಳ ನೀರು ಕುಡಿಯುವವರನ್ನು ನಾಲ್ಕು ತಿಂಗಳು ಕತ್ತಲಲ್ಲಿಟ್ಟದ್ದಕ್ಕೆ ಯಾವ ಅಳತೆಯಲ್ಲೂ ಸಮರ್ಥನೆ ಇಲ್ಲ.