ಗಡಿ ದಾಟುವ ಕಸ

ಮಕ್ಕಳೇ, ದಿನಾಲೂ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಕಸ ಗುಡಿಸುತ್ತಾರಲ್ಲವೇ? ಗುಡಿಸಿದ ಕಸವನ್ನು ನೆರೆಮನೆಯ ಅಂಗಳಕ್ಕೆ ತಳ್ಳಿದರೆ ಏನಾದೀತು? ನಿಮ್ಮ ಅಂಗಳ ಸ್ವಚ್ಛವಾಗಿ ಕಾಣುತ್ತದೆ, ನಿಜ. ಆದರೆ ಕಸ ಇನ್ನೂ ಇದ್ದೇ ಇದೆ. ನೆರೆಯವರು ಸುಮ್ಮನಿರುತ್ತಾರೆಯೇ? ಓಣಿಯ ಹಿರಿಯರು ಬಂದು "ನಿಮ್ಮ ಕಸ ನೀವೇ ತೆಗೆಯಿರಿ" ಎಂದು ಹೇಳುತ್ತಾರೆ. ದೇಶ ದೇಶಗಳ ನಡುವೆಯೂ ಇಂಥ ಜಗಳಗಳು ನಡೆದಿವೆ.

ನಮ್ಮ ಸೊಲ್ಲಾಪುರದಲ್ಲಿ ನೇಯ್ದ ಟವೆಲುಗಳು ಹಡಗು ಹತ್ತಿ ಹೊರದೇಶಗಳಿಗೆ ಹೋಗುತ್ತವೆ. ಹೀಗೆ ಸರಕನ್ನು ಬೇರೆ ದೇಶಕ್ಕೆ ಕಳುಹಿಸುವುದಕ್ಕೆ ರಫ್ತು ಎನ್ನುತ್ತಾರೆ. ಬೇರೆ ದೇಶದಿಂದ ತರಿಸಿಕೊಳ್ಳುವುದು ಆಮದು. ಕಸವನ್ನೂ ರಫ್ತು ಮಾಡುತ್ತಾರೆಂದರೆ ನಿಮಗೆ ಆಶ್ಚರ್ಯವಾಗಬಹುದು. ಗುಜರಿ ಕಬ್ಬಿಣವನ್ನು ಕರಗಿಸಿ ಹೊಸ ಕಬ್ಬಿಣ ಮಾಡಬಹುದು. ರದ್ದಿಯಿಂದ ಹೊಸ ಕಾಗದ ಮಾಡಬಹುದು. ಅಂಥ ವ್ಯಾಪಾರದಿಂದ ಅನೇಕರಿಗೆ ಕೆಲಸ ಸಿಗುತ್ತದೆ. ಆದರೆ ಕಾರ್ಖಾನೆಗಳ ವಿಷದ ರಾಸಾಯನಿಕ, ಬಳಸಿದ ಎಣ್ಣೆ, ಹಳೆಯ ಬ್ಯಾಟರಿಯ ಸೀಸ, ಪಾದರಸ ಮೊದಲಾದವು ಹಾಗಲ್ಲ. ಅವನ್ನು ಜಾಗ್ರತೆಯಿಂದ ವಿಲೇವಾರಿ ಮಾಡದಿದ್ದರೆ ನೆಲ, ನೀರು, ಗಾಳಿ ಎಲ್ಲವೂ ಕೆಡುತ್ತವೆ. ಇವುಗಳಿಗೆ ಅಪಾಯಕಾರಿ ತ್ಯಾಜ್ಯ ಎಂದು ಹೆಸರು.

ಶ್ರೀಮಂತ ದೇಶಗಳಲ್ಲಿ ಇಂಥ ತ್ಯಾಜ್ಯದ ಮೇಲೆ ಕಾಯಿದೆಗಳು ಬಿಗಿಯಾದವು. ಅದನ್ನು ಅಲ್ಲಿಯೇ ವಿಲೇವಾರಿ ಮಾಡಲು ಬಹಳ ಹಣ ಬೇಕಾಯಿತು. ಆಗ ಕೆಲವು ವ್ಯಾಪಾರಿಗಳು ಅದನ್ನು ಹಡಗಿನಲ್ಲಿ ತುಂಬಿ ಬಡದೇಶಗಳಿಗೆ ಸಾಗಿಸತೊಡಗಿದರು. 1988ರಲ್ಲಿ ಆಫ್ರಿಕದ ನೈಜೀರಿಯಾ ದೇಶದ ಕೋಕೋ ಎಂಬ ಊರಿನಲ್ಲಿ ಸಾವಿರಾರು ಪೀಪಾಯಿಗಳು ಪತ್ತೆಯಾದವು. ಅವುಗಳಲ್ಲಿ ಇಟಲಿಯಿಂದ ಬಂದ ವಿಷತ್ಯಾಜ್ಯವಿತ್ತು. ತನ್ನ ಜಾಗದಲ್ಲಿ ಅವನ್ನು ಇಡಲು ಅಲ್ಲಿಯ ರೈತನೊಬ್ಬ ತಿಂಗಳಿಗೆ ಸುಮಾರು 100 ಡಾಲರ್ ಬಾಡಿಗೆಗೆ ಒಪ್ಪಿದ್ದನು. ಸುದ್ದಿ ತಿಳಿದ ಜನ ಸಿಟ್ಟಿಗೆದ್ದರು. ಕೊನೆಗೆ ಇಟಲಿ ಆ ತ್ಯಾಜ್ಯವನ್ನು ಮರಳಿ ಒಯ್ಯಬೇಕಾಯಿತು. ಹೊತ್ತು ಹೊರಟ ಹಡಗಿಗೆ ಯುರೋಪಿನ ಬಂದರುಗಳೂ ಸುಲಭವಾಗಿ ಜಾಗ ಕೊಡಲಿಲ್ಲ!

ಇಂಥ ಘಟನೆಗಳಿಂದ ಜಗತ್ತು ಎಚ್ಚೆತ್ತಿತು. 1989ರ ಮಾರ್ಚ್ 22ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಒಂದು ಒಪ್ಪಂದವಾಯಿತು. ಅದೇ ಬಾಸೆಲ್ ಒಪ್ಪಂದ. 1992ರಲ್ಲಿ ಅದು ಜಾರಿಗೆ ಬಂದಿತು. ಅದೇ ವರ್ಷ ಭಾರತವೂ ಅದನ್ನು ಸೇರಿತು. ಅದರ ಮುಖ್ಯ ನಿಯಮಗಳು ಸರಳವಾಗಿವೆ. ತ್ಯಾಜ್ಯ ಕಳುಹಿಸುವ ದೇಶ ಮೊದಲು ಅದರಲ್ಲಿ ಏನಿದೆ ಎಂದು ತಿಳಿಸಬೇಕು. ಪಡೆಯುವ ದೇಶ ಬರವಣಿಗೆಯಲ್ಲಿ ಒಪ್ಪಿಗೆ ಕೊಡಬೇಕು. ಒಪ್ಪಿಗೆ ಇಲ್ಲದಿದ್ದರೆ ಹಡಗು ಹೊರಡಬಾರದು. ಕದ್ದು ಕಳುಹಿಸಿದರೆ, ಕಳುಹಿಸಿದ ದೇಶವೇ ಅದನ್ನು ಮರಳಿ ಪಡೆಯಬೇಕು. ಕೊಳಕು ಬೆರೆತ ಪ್ಲಾಸ್ಟಿಕ್ ಕಸಕ್ಕೂ 2021ರಿಂದ ಇಂಥ ಒಪ್ಪಿಗೆ ಬೇಕಾಯಿತು. ಹಾಳಾದ ಮೊಬೈಲು, ಟಿ.ವಿ., ಕಂಪ್ಯೂಟರ್‌ಗಳ ಕಸಕ್ಕೆಲ್ಲ 2025ರಿಂದ ಒಪ್ಪಿಗೆ ಬೇಕಾಯಿತು.

ನಿಯಮವಿದ್ದರೆ ಸಾಲದು, ಕಾವಲೂ ಬೇಕು. ಮುಂಬಯಿ ಬಳಿಯ ನ್ಹಾವಾ ಶೇವಾ ನಮ್ಮ ರಾಜ್ಯದ ದೊಡ್ಡ ಬಂದರು. ಅಲ್ಲಿಗೆ 133 ಕಂಟೇನರುಗಳು, ಎಂದರೆ ದೊಡ್ಡ ದೊಡ್ಡ ಕಬ್ಬಿಣದ ಪೆಟ್ಟಿಗೆಗಳು ಬಂದಿದ್ದವು. ಕಾಗದಪತ್ರದಲ್ಲಿ ಯಂತ್ರಗಳಿಗೆ ಹಾಕುವ ಎಣ್ಣೆ ಎಂದು ಬರೆದಿತ್ತು. ಪರೀಕ್ಷಿಸಿದಾಗ ಅದು ಅಪಾಯಕಾರಿ ತ್ಯಾಜ್ಯದ ಎಣ್ಣೆ ಎಂದು ತಿಳಿಯಿತು. ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಅದನ್ನು ಸುರಕ್ಷಿತವಾಗಿ ಸುಟ್ಟುಹಾಕಲು ಆಜ್ಞೆ ಮಾಡಿತು. ಖರ್ಚನ್ನು ಯಾರು ಕೊಡಬೇಕು? ತರಿಸಿಕೊಂಡವರೇ ಕೊಡಬೇಕೆಂದು ಹೇಳಿತು.

ಇನ್ನೊಂದು ಸಂಗತಿ ಕೇಳಿ. ತಮಿಳುನಾಡಿನ ಕೊಡೈಕನಾಲ್ ಬೆಟ್ಟದಲ್ಲಿ ಥರ್ಮಾಮೀಟರ್ ತಯಾರಿಸುವ ಕಾರ್ಖಾನೆಯಿತ್ತು. ಅಲ್ಲಿ ಪಾದರಸ ಅಂಟಿದ ಗಾಜಿನ ಚೂರುಗಳು ರಾಶಿಯಾಗಿ ಉಳಿದಿದ್ದವು. ಜನರೂ ಕಾರ್ಮಿಕರೂ ದನಿ ಎತ್ತಿದರು. 2001ರಲ್ಲಿ ಕಾರ್ಖಾನೆ ಮುಚ್ಚಿತು. 2003ರಲ್ಲಿ ಆ ತ್ಯಾಜ್ಯವನ್ನು ಹಡಗಿನಲ್ಲಿ ಅಮೆರಿಕಕ್ಕೆ ಕಳುಹಿಸಲಾಯಿತು. ಬಡದೇಶದಿಂದ ಶ್ರೀಮಂತ ದೇಶಕ್ಕೆ ಕಸ ಹೋದ ಅಪರೂಪದ ಪ್ರಸಂಗವಿದು.

ಗಡಿ ಎಂದರೆ ದೇಶದ ಗಡಿ ಮಾತ್ರವಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ಆಸ್ಪತ್ರೆಗಳ ಕಸ ತಮಿಳುನಾಡಿನ ತಿರುನೆಲ್ವೇಲಿಯ ಹಳ್ಳಿಗಳಲ್ಲಿ ಬಿದ್ದಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆಜ್ಞೆ ಮಾಡಿತು. ಕೇರಳದ ಲಾರಿಗಳು ಬಂದು ಕಸವನ್ನು ಮರಳಿ ಒಯ್ದವು.

ಈಗ ನಮ್ಮ ಊರಿನ ವಿಚಾರ ನೋಡೋಣ. ಸೊಲ್ಲಾಪುರದ ಓಣಿ ಓಣಿಗೆ ಘಂಟಾಗಾಡಿ ಬರುತ್ತದೆ. ಅದು ಹೋದ ಮೇಲೆ ನಾವು ಕಸವನ್ನು ಮರೆತುಬಿಡುತ್ತೇವೆ. ಆದರೆ ಆ ಕಸ ಎಲ್ಲಿಯೋ ಒಂದು ಕಡೆ ಸೇರುತ್ತದೆ. ಅಲ್ಲಿಯೂ ಮನೆಗಳಿರುತ್ತವೆ, ಬಾವಿಗಳಿರುತ್ತವೆ, ನಿಮ್ಮಂಥ ಮಕ್ಕಳಿರುತ್ತಾರೆ. ಅಕ್ಕಲಕೋಟೆಯಲ್ಲಿರಲಿ, ಮಂಗಳವೇಡೆ ತಾಲೂಕಿನ ಮರವಡೆಯಲ್ಲಿರಲಿ, ಮಾತು ಒಂದೇ. ಹಸಿ ಕಸ, ಒಣ ಕಸ ಬೇರೆ ಬೇರೆ ಇಡಿರಿ. ಹಸಿ ಕಸವನ್ನು ತಿಪ್ಪೆಗೆ ಹಾಕಿದರೆ ಹೊಲಕ್ಕೆ ಗೊಬ್ಬರವಾಗುತ್ತದೆ. ಮುಗಿದ ಸೆಲ್ಲು, ಒಡೆದ ಬಲ್ಬುಗಳನ್ನು ಅದರಲ್ಲಿ ಬೆರೆಸಬೇಡಿರಿ. ಹಿರಿಯರಿಗೆ ಹೇಳಿ ಬೇರೆಯಾಗಿ ಕೊಡಿಸಿರಿ. ಮತ್ತು ಕಸ ಎಸೆಯುವಾಗಲೆಲ್ಲ ಒಂದು ಪ್ರಶ್ನೆ ಕೇಳಿಕೊಳ್ಳಿರಿ: ಇದು ಯಾರ ಅಂಗಳಕ್ಕೆ ಹೋಗುತ್ತದೆ?

ಶಬ್ದಗಳ ಅರ್ಥ
ವಿಲೇವಾರಿ – ಒಂದು ವಸ್ತುವಿಗೆ ಸರಿಯಾದ ವ್ಯವಸ್ಥೆ ಮಾಡಿ ಮುಗಿಸುವುದು
ಪೀಪಾಯಿ – ಎಣ್ಣೆ ಮೊದಲಾದವನ್ನು ತುಂಬುವ ದೊಡ್ಡ ಡಬ್ಬಿ
ಬಂದರು – ಹಡಗುಗಳು ಬಂದು ನಿಲ್ಲುವ ಸ್ಥಳ

ಸ್ವಾಧ್ಯಾಯ
1. ರಫ್ತು ಮತ್ತು ಆಮದು ಎಂದರೇನು?
2. ಬಾಸೆಲ್ ಒಪ್ಪಂದದ ಮುಖ್ಯ ನಿಯಮಗಳನ್ನು ಬರೆಯಿರಿ.
3. ತ್ಯಾಜ್ಯದ ಎಣ್ಣೆ ಸುಡುವ ಖರ್ಚನ್ನು ತರಿಸಿಕೊಂಡವರೇ ಕೊಡಬೇಕೆಂದದ್ದು ಸರಿಯೇ? ಏಕೆ?

ಉಪಕ್ರಮ: ನಿಮ್ಮ ಶಾಲೆಯ ಕಸ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗುರುಗಳ ಸಹಾಯದಿಂದ ತಿಳಿದು ಐದು ವಾಕ್ಯ ಬರೆಯಿರಿ.